ಎಂಟು ಕ್ವಿಂಟಲ್ ಸೋಯಾಕ್ಕೆ ಒಂದು ಕಂಪ್ಯೂಟರ್

ನಮ್ಮ ಕಾಕಾನ ಮುಂದೆ ಯಾವುದೇ ವಸ್ತುವಿನ ಬೆಲೆ ಹೇಳಿ, ಅದು ಮೊದಲು ಸೋಯಾಬೀನ್ ಆಗಿಬಿಡುತ್ತದೆ. ಮೊಬೈಲ್ ಇಷ್ಟು ಕ್ವಿಂಟಲ್, ಮಗಳ ಕಾಲೇಜು ಫೀಸು ಇಷ್ಟು ಕ್ವಿಂಟಲ್. 2024ರ ಮುಂಗಾರಿಗೆ ಸೋಯಾದ ಬೆಂಬಲ ಬೆಲೆ ಕ್ವಿಂಟಲ್‌ಗೆ 4,892 ರೂಪಾಯಿ ಎಂದು ಘೋಷಣೆಯಾಗಿತ್ತು. ಅಡತ್ ಅಂಗಡಿಯಲ್ಲಿ ಅವರ ಕೈಗೆ ಬಂದದ್ದು 4,300. ನಾನು ಕಂಪ್ಯೂಟರಿನ ಪಟ್ಟಿ ಬರೆದು ಒಟ್ಟು ಮೊತ್ತ ಹೇಳಿದಾಗ ಅವರು ಒಂದು ಕ್ಷಣ ಕಣ್ಣು ಮುಚ್ಚಿ, "ಎಂಟು ಕ್ವಿಂಟಲ್ ಆತಲ್ಲಪ್ಪಾ, ಎರಡು ಎಕರೆದ ರಾಶಿ" ಅಂದರು. ಬೈದದ್ದಲ್ಲ, ಲೆಕ್ಕ ಹೇಳಿದ್ದು. ಆದರೆ ಆ ಲೆಕ್ಕ ಕೇಳಿದ ಮೇಲೆ ಪಟ್ಟಿಯ ಪ್ರತಿ ಸಾಲನ್ನೂ ಇನ್ನೊಮ್ಮೆ ನೋಡಬೇಕಾಯಿತು.

ಕಾಕಾನ ಮನೆ ಹುಮನಾಬಾದ್‌ನಲ್ಲಿ. ಅವರ ಮಗಳು ಓದುತ್ತಿರುವುದು ಬಸವಕಲ್ಯಾಣದಲ್ಲಿ, ಕಂಪ್ಯೂಟರ್ ಸೈನ್ಸ್, ಆಗ ಎರಡನೇ ವರ್ಷ. ಎರಡು ಊರಿಗೂ ಮೂವತ್ತು ಕಿಲೋಮೀಟರ್ ಅಂತರ. ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ಖರ್ಚಿಲ್ಲ, ಹಾಗಾಗಿ ಹಾಸ್ಟೆಲ್ ಬೇಡ, ದಿನಾ ಹೋಗಿ ಬರುವುದು ಅಂತ ಮನೆಯಲ್ಲಿ ಠರಾವು ಆಗಿತ್ತು. ಕಾಲೇಜಿನ ಲ್ಯಾಬ್ ಸಂಜೆ ಮುಚ್ಚುತ್ತದೆ. ಅಲ್ಲಿಗೆ ಅವಳ ಕಂಪ್ಯೂಟರ್ ಕೆಲಸವೂ ಮುಗಿಯುತ್ತಿತ್ತು. ಮನೆಗೆ ಬಂದ ಮೇಲೆ ಮೊಬೈಲಿನಲ್ಲೇ ಒಂದು ಆ್ಯಪ್ ಹಾಕಿಕೊಂಡು ಸಿ ಪ್ರೋಗ್ರಾಂ ಬರೆಯುತ್ತಿದ್ದಳು. ಹೆಬ್ಬೆರಳಲ್ಲಿ ಡೇಟಾ ಸ್ಟ್ರಕ್ಚರ್ಸ್ ಕಲಿಯುವುದನ್ನು ನೀವು ನೋಡಿಲ್ಲ ಅಂದರೆ ಹೇಗೆ ಹೇಳಲಿ, ಹೊಲಿಗೆ ಯಂತ್ರ ಇಲ್ಲದೆ ಬರೀ ಸೂಜಿಯಲ್ಲಿ ಕುಪ್ಪಸ ಹೊಲಿದಂಗೆ. ಆಗುತ್ತದೆ, ಆದರೆ ಯಾಕೆ ಆಗಬೇಕು? ಎಂಜಿನಿಯರಿಂಗ್‌ನಲ್ಲಿ ಕೋಡ್ ಬರೆಯುವ ಕೈ ಪಳಗುವುದು ಎರಡು ಮತ್ತು ಮೂರನೇ ವರ್ಷದಲ್ಲಿ. ನಾಲ್ಕನೇ ವರ್ಷ ಕಂಪನಿಯವರು ಬಂದಾಗ ಕಲಿತೇನು ಅಂದರೆ ತಡವಾಗಿರುತ್ತದೆ. ಇದನ್ನು ಕಾಕಾನಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಬಿತ್ತನೆಗೆ ಹದ ತಪ್ಪಿದರೆ ಏನಾಗುತ್ತದೆ ಅಂತ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು.

ದುಡ್ಡು ಇದ್ದದ್ದು 35,000. ಅದರಲ್ಲಿ 11,000 ಅವಳದ್ದೇ: ಎಂಜಿನಿಯರಿಂಗ್ ಓದುವ ರೈತರ ಹೆಣ್ಣುಮಕ್ಕಳಿಗೆ ರೈತ ವಿದ್ಯಾನಿಧಿಯಲ್ಲಿ ವರ್ಷಕ್ಕೆ ಸಿಗುವ ಮೊತ್ತ. ಉಳಿದ 24,000 ಸೋಯಾದ್ದು.

ಲ್ಯಾಪ್‌ಟಾಪ್ ಯಾಕಲ್ಲ ಅಂತ ಎಲ್ಲರೂ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಹಾಸ್ಟೆಲ್‌ನಲ್ಲಿರುವ ಹುಡುಗ ಹುಡುಗಿಯರಿಗೆ ನಾನು ಇವತ್ತಿಗೂ ಲ್ಯಾಪ್‌ಟಾಪೇ ಹೇಳುತ್ತೇನೆ. ರೂಮಿನಲ್ಲಿ ಮೇಜಿಲ್ಲ, ಕಪಾಟಿಗೆ ಬೀಗವಿಲ್ಲ, ಆರು ತಿಂಗಳಿಗೊಮ್ಮೆ ರೂಮು ಬದಲು, ಅಲ್ಲಿ ಡೆಸ್ಕ್‌ಟಾಪ್ ಇಟ್ಟುಕೊಂಡು ಏನು ಮಾಡುತ್ತೀರಿ. ಆದರೆ ಮನೆಯಿಂದ ಓಡಾಡುವವರ ಲೆಕ್ಕ ಬೇರೆ. 35,000ಕ್ಕೆ ಸಿಗುವ ಲ್ಯಾಪ್‌ಟಾಪಿನಲ್ಲಿ ಸಾಮಾನ್ಯವಾಗಿ 8 ಜಿಬಿ ರ್‍ಯಾಮ್ ಇರುತ್ತದೆ, ಎಷ್ಟೋ ಮಾಡೆಲ್‌ಗಳಲ್ಲಿ ಅದನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಮೂರು ವರ್ಷಕ್ಕೆ ಬ್ಯಾಟರಿ ಸೋಲುತ್ತದೆ, ಕೀಬೋರ್ಡ್ ಕೆಟ್ಟರೆ ಇಡೀ ಮೇಲ್ಭಾಗ ಬಿಚ್ಚಬೇಕು. ಡೆಸ್ಕ್‌ಟಾಪಿನಲ್ಲಿ ಯಾವುದು ಕೆಟ್ಟಿದೆಯೋ ಅದೊಂದನ್ನೇ ಬದಲಿಸಬಹುದು. ಇನ್ನೊಂದು, ಒಂಬತ್ತನೇ ತರಗತಿಯಲ್ಲಿರುವ ಅವಳ ತಮ್ಮನೂ ಅದನ್ನು ಬಳಸುತ್ತಾನೆ. ಮೇಜಿನ ಮೇಲೆ ಇರುವ ಯಂತ್ರ ಮನೆಯದ್ದು, ಚೀಲದಲ್ಲಿರುವ ಯಂತ್ರ ಒಬ್ಬರದ್ದು.

ಊರಿನ ಅಂಗಡಿಯೊಂದರಲ್ಲಿ ವಿಚಾರಿಸಿದಾಗ ಪೂರ್ತಿ ಸೆಟ್ಟಿಗೆ 38,500 ಹೇಳಿದರು. ಅದರಲ್ಲಿ ಎಸ್‌ಎಂಪಿಎಸ್ ಯಾವ ಕಂಪನಿಯದ್ದು ಅಂತ ಕೇಳಿದರೆ "ಕ್ಯಾಬಿನೆಟ್ ಜೋಡಿಗೆ ಬರ್ತದ್ರಿ" ಅಂತ ಉತ್ತರ. ಇಲ್ಲಿ ಒಂದು ಮಾತು ಹೇಳಲೇಬೇಕು. ಊರಿನ ಅಂಗಡಿಯವರನ್ನು ಕಳ್ಳರು ಅಂತ ಬೈಯುವವರ ಜೊತೆ ನಾನಿಲ್ಲ. ತಿಂಗಳಿಗೆ ಒಂದೋ ಎರಡೋ ಪ್ರೊಸೆಸರ್ ಮಾರುವವನು ದೊಡ್ಡ ಪೇಟೆಯ ರೇಟಿಗೆ ಕೊಡಲಾರ, ರಾತ್ರಿ ಎಂಟಕ್ಕೆ ಫೋನ್ ಮಾಡಿದರೆ ಬಂದು ನೋಡುವವನೂ ಅವನೇ. ಹೀಗಾಗಿ ಪಟ್ಟಿಯನ್ನು ಎರಡು ಮಾಡಿದೆವು. ಭಾರವಾದದ್ದು, ಒಡೆಯುವಂಥದ್ದು, ಬೇಗ ತೊಂದರೆ ಕೊಡುವಂಥದ್ದು ಊರಲ್ಲೇ; ಚಿಕ್ಕ ಡಬ್ಬಿಯಲ್ಲಿ ಬರುವ, ಬೆಲೆ ಜಾಸ್ತಿ ಇರುವ ಭಾಗಗಳು ಸಿಕಂದರಾಬಾದ್‌ನಿಂದ.

ನಮ್ಮ ಕಡೆಯವರಿಗೆ ಹೈದರಾಬಾದ್ ಪರವೂರು ಅನ್ನಿಸುವುದೇ ಇಲ್ಲ. 1956ರವರೆಗೆ ಬೀದರ್ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲೇ ಇತ್ತು. ಅಜ್ಜಂದಿರು ಮದುವೆ ಜವಳಿಗೆ ಹೋಗುತ್ತಿದ್ದ ದಾರಿಯಲ್ಲೇ ಈಗ ಮೊಮ್ಮಕ್ಕಳು ಮದರ್‌ಬೋರ್ಡ್ ತರಲು ಹೋಗುತ್ತಾರೆ. ಹುಮನಾಬಾದ್ ಇರುವುದೇ ಸೋಲಾಪುರ–ಹೈದರಾಬಾದ್ ಹೆದ್ದಾರಿಯ ಮೇಲೆ. ಬೆಳಿಗ್ಗೆ ಬಸ್ ಹತ್ತಿದರೆ ಜಹೀರಾಬಾದ್, ಸಂಗಾರೆಡ್ಡಿ, ಪಟನ್‌ಚೆರು ದಾಟಿ ಮಧ್ಯಾಹ್ನದೊಳಗೆ ಊರು ಮುಟ್ಟಬಹುದು. (ಶಕ್ತಿ ಟಿಕೆಟ್ ರಾಜ್ಯದೊಳಗೆ ಮಾತ್ರ, ಈ ಪ್ರಯಾಣಕ್ಕೆ ತಂಗಿಗೂ ಟಿಕೆಟ್ ತೆಗೆಸಬೇಕಾಯಿತು.) ಸಿಕಂದರಾಬಾದ್‌ನ ಪಾರ್ಕ್‌ಲೇನ್‌ನಲ್ಲಿ ಚಿನಾಯ್ ಟ್ರೇಡ್ ಸೆಂಟರ್ ಅಂತ ಇದೆ. ಎಲ್ಲರ ಬಾಯಲ್ಲಿ ಸಿಟಿಸಿ. ಬೆಂಗಳೂರಿಗೆ ಎಸ್.ಪಿ. ರೋಡ್ ಹೇಗೋ ಅಲ್ಲಿಗೆ ಇದು ಹಾಗೆ. ಸುತ್ತಲಿನ ಸಂದಿಗಳಲ್ಲೂ ಕಂಪ್ಯೂಟರ್ ಅಂಗಡಿಗಳೇ. ನಮ್ಮ ಜನಕ್ಕೆ ಅಲ್ಲಿ ಒಂದು ಅನುಕೂಲ, ದಖ್ನಿಯಲ್ಲಿ ಚೌಕಾಸಿ ಮಾಡಲು ಬರುತ್ತದೆ. ಬೀದರ್ ಜಿಲ್ಲೆಯಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಕಿವಿಗೆ ಬಿದ್ದೇ ಮಕ್ಕಳು ಬೆಳೆಯುತ್ತವೆ. ನನ್ನ ತಂಗಿ "ಭೈಯ್ಯಾ, ಸ್ಟೂಡೆಂಟ್ ಹೂಂ, ದೋ ಸೌ ಔರ್ ಕಮ್ ಕರೋ ನಾ" ಅಂತ ಶುರು ಮಾಡಿದ ಮೇಲೆ ನಾನು ಬಾಯಿ ಮುಚ್ಚಿಕೊಂಡು ಪಕ್ಕಕ್ಕೆ ನಿಂತೆ.

ಪ್ರೊಸೆಸರ್ ಆರಿಸುವಾಗ ನಾವು ಇಟ್ಟುಕೊಂಡ ನಿಯಮ ಒಂದೇ: ಗ್ರಾಫಿಕ್ಸ್ ಅದರೊಳಗೇ ಇರಬೇಕು. ಬೇರೆ ಗ್ರಾಫಿಕ್ಸ್ ಕಾರ್ಡ್ ಕೊಂಡರೆ ಅರ್ಧ ದುಡ್ಡು ಅಲ್ಲಿಗೇ ಮುಗಿಯುತ್ತದೆ. ಪ್ರೋಗ್ರಾಂ ಬರೆಯಲು, ಡೇಟಾಬೇಸ್ ನಡೆಸಲು ಅದು ಬೇಕಿಲ್ಲ. ಮಷಿನ್ ಲರ್ನಿಂಗ್ ಪ್ರಯೋಗಕ್ಕೆ ಬೇಕಾದರೆ ಗೂಗಲ್ ಕೊಲ್ಯಾಬ್‌ನಲ್ಲಿ ಒಂದು ಮಿತಿಯವರೆಗೆ ಪುಕ್ಕಟೆ ಸಿಗುತ್ತದೆ. ಹೀಗೆ ಬಂದದ್ದು ಎಎಂಡಿಯ ರೈಜನ್ 5 4600ಜಿ, 8,500 ರೂಪಾಯಿ. ಆರು ಕೋರ್, ಹನ್ನೆರಡು ಥ್ರೆಡ್. ಹೊಸ ಮಾದರಿಯಲ್ಲ, ಆದರೆ ವಿದ್ಯಾರ್ಥಿಯ ಕೆಲಸಕ್ಕೆ ಧಾರಾಳ. ಒಂದು ಅಂಗಡಿಯಲ್ಲಿ ಅದೇ ಪ್ರೊಸೆಸರ್ 700 ರೂಪಾಯಿ ಕಮ್ಮಿಗೆ ಕೊಡುತ್ತೇವೆ ಅಂದರು. ತೆಗೆದು ತೋರಿಸಿದಾಗ ಡಬ್ಬಿ ಇಲ್ಲ, ಬರೀ ಪ್ಲಾಸ್ಟಿಕ್ ಹೊದಿಕೆ. ಇದಕ್ಕೆ ಪೇಟೆಯಲ್ಲಿ 'ಟ್ರೇ' ಅನ್ನುತ್ತಾರೆ. ಕಂಪ್ಯೂಟರ್ ಕಂಪನಿಗಳಿಗೆ ಸಗಟಾಗಿ ಹೋಗುವ ಮಾಲು. ಇದರೊಂದಿಗೆ ಕೂಲರ್ ಬರುವುದಿಲ್ಲ, ತಯಾರಕರ ಮೂರು ವರ್ಷದ ವಾರಂಟಿಯೂ ಡಬ್ಬಿಯದ್ದಕ್ಕೆ ಇರುವ ಹಾಗೆ ಇರುವುದಿಲ್ಲ. ಕೂಲರ್ ಬೇರೆ ಕೊಂಡರೆ 700ರ ಉಳಿತಾಯ ಅಲ್ಲೇ ಕರಗುತ್ತದೆ. ನೀವು ಹೋದರೂ ಮೊದಲು ಕೇಳಿ: ಬಾಕ್ಸಾ, ಟ್ರೇನಾ?

ಮದರ್‌ಬೋರ್ಡ್ ಎ520 ಚಿಪ್‌ಸೆಟ್‌ನದ್ದು, 4,800. ಇದಕ್ಕಿಂತ ಹಳೆಯ ಕೆಲವು ಬೋರ್ಡುಗಳೂ ಈ ಪ್ರೊಸೆಸರನ್ನು ತೆಗೆದುಕೊಳ್ಳುತ್ತವೆ, ಆದರೆ ಬಯೋಸ್ ಅಪ್‌ಡೇಟ್ ಆಗಿರಬೇಕು. ಹೊಸಬರು ಆ ತಲೆನೋವಿಗೆ ಹೋಗಬಾರದು. ಈ ಬೋರ್ಡಿನಲ್ಲಿ ವೈಫೈ ಇಲ್ಲ. ಅದಕ್ಕೆ ಬೇರೆ ಖರ್ಚೂ ಮಾಡಲಿಲ್ಲ. ಮೊಬೈಲನ್ನು ಚಾರ್ಜಿಂಗ್ ವೈರಿನಿಂದ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಒತ್ತಿದರೆ ಇಂಟರ್ನೆಟ್ ಬರುತ್ತದೆ, ಜೊತೆಗೆ ಮೊಬೈಲೂ ಚಾರ್ಜ್ ಆಗುತ್ತಿರುತ್ತದೆ.

ರ್‍ಯಾಮ್ 16 ಜಿಬಿ, 3,200 ರೂಪಾಯಿ. ಇಲ್ಲಿ ಒಂದು ಸೂಕ್ಷ್ಮ ಇದೆ, ಅಂಗಡಿಯವರು ಹೇಳುವುದಿಲ್ಲ. 16ರದ್ದು ಒಂದೇ ಪಟ್ಟಿ ಕೊಳ್ಳುವ ಬದಲು 8ರದ್ದು ಎರಡು ಕೊಳ್ಳಿ. ಒಂದೇ ಬಾಗಿಲಿನ ಗೋದಾಮಿಗೂ ಎರಡು ಬಾಗಿಲಿನ ಗೋದಾಮಿಗೂ ಎಷ್ಟು ವ್ಯತ್ಯಾಸ? ಚೀಲ ಅಷ್ಟೇ ಹಿಡಿಸುತ್ತವೆ, ಆದರೆ ಎರಡು ಬಾಗಿಲಿದ್ದರೆ ಹಮಾಲರು ಒಬ್ಬರಿಗೊಬ್ಬರು ಅಡ್ಡ ಬರುವುದಿಲ್ಲ. ಗ್ರಾಫಿಕ್ಸ್ ಪ್ರೊಸೆಸರಿನೊಳಗೇ ಇರುವಾಗ ಅದು ತನ್ನ ಕೆಲಸಕ್ಕೂ ಇದೇ ರ್‍ಯಾಮನ್ನು ಬಳಸುವುದರಿಂದ ಈ ವ್ಯತ್ಯಾಸ ಕಣ್ಣಿಗೆ ಕಾಣುವಷ್ಟಿರುತ್ತದೆ. 500 ಜಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ 3,000. ಅದರ ಬಗ್ಗೆ ಹೇಳಲು ಹೆಚ್ಚೇನಿಲ್ಲ, ಹಳೆಯ ಹಾರ್ಡ್‌ಡಿಸ್ಕ್ ಮಾತ್ರ ಬೇಡ.

ಇನ್ನು ಎಸ್‌ಎಂಪಿಎಸ್. ಕಾಕಾನ ಜೊತೆ ಅತಿ ಹೆಚ್ಚು ಹೊತ್ತು ಮಾತಾಡಿದ್ದು ಇದರ ಮೇಲೆಯೇ. "ಅಲ್ಲೋ, ಆ ಡಬ್ಬಿ 700ಕ್ಕೂ ಸಿಗ್ತದಂತ, ನೀ 3,200 ಕೊಡ್ಲತ್ತಿ. ಕರೆಂಟು ಎರಡರಾಗೂ ಅದೇ ಅಲ್ಲೇನು?" ಅವರ ಹೊಲದ ಮೋಟಾರಿನ ಉದಾಹರಣೆಯನ್ನೇ ಕೊಟ್ಟೆ. ವೋಲ್ಟೇಜ್ ಬಿದ್ದು ಮೋಟಾರು ಎರಡು ಸಲ ಸುಟ್ಟು ರಿವೈಂಡಿಂಗ್ ಮಾಡಿಸಿದ್ದರು. ಗೋಡೆಯಿಂದ ಬರುವ 230 ವೋಲ್ಟನ್ನು 12, 5, 3.3 ವೋಲ್ಟಿಗೆ ಇಳಿಸಿ ಸಮನಾಗಿ ಕೊಡುವುದು ಎಸ್‌ಎಂಪಿಎಸ್ ಕೆಲಸ. ಸೋವಿಯದ್ದು ಕೆಟ್ಟರೆ ತಾನೊಂದೇ ಸಾಯುವುದಿಲ್ಲ, ಮದರ್‌ಬೋರ್ಡನ್ನೂ ಜೊತೆಗೆ ಕರೆದುಕೊಂಡು ಹೋಗಬಹುದು. ಕಾಕಾ ಮತ್ತೆ ಮಾತಾಡಲಿಲ್ಲ. 450 ವ್ಯಾಟಿನ, '80 ಪ್ಲಸ್ ಬ್ರಾಂಜ್' ಗುರುತಿರುವ ಒಂದನ್ನು ತಂದೆವು. ಅಲ್ಲಿಗೆ ಸಿಕಂದರಾಬಾದ್ ಬಿಲ್ಲು 22,700, ಜಿಎಸ್‌ಟಿ ಸೇರಿ. ಬಿಲ್ಲಿಲ್ಲದೆ ಕೊಟ್ಟರೆ ಇನ್ನೂ ಕಮ್ಮಿ ಅಂದವರಿದ್ದರು. ಬಿಲ್ಲಿನ ಮೇಲೆ ಸೀರಿಯಲ್ ನಂಬರ್ ಬರೆಸಿಕೊಂಡೇ ಬಂದೆವು, ವಾರಂಟಿಗೆ ನಾಳೆ ಕೇಳುವುದು ಆ ಕಾಗದವನ್ನೇ.

ಉಳಿದದ್ದು ಹುಮನಾಬಾದ್‌ನಲ್ಲಿ: ಕ್ಯಾಬಿನೆಟ್ 1,800, 22 ಇಂಚಿನ ಮಾನಿಟರ್ 6,500, ಕೀಬೋರ್ಡ್–ಮೌಸ್ 800, ಯುಪಿಎಸ್ 2,800. ಒಟ್ಟು 34,600. ಮಿಕ್ಕ 400ಕ್ಕೆ ಒಂದು ಸ್ಪೈಕ್ ಗಾರ್ಡ್. ಮನೆಯಲ್ಲಿ ಎಚ್‌ಡಿಎಂಐ ಇರುವ ಟಿವಿ ಇದ್ದರೆ ಮಾನಿಟರಿನ ಖರ್ಚನ್ನು ಆರು ತಿಂಗಳು ಮುಂದೂಡಬಹುದು. ನಾವು ಹಾಗೆ ಮಾಡಲಿಲ್ಲ, ಕಾರಣ ಸಂಜೆ ಏಳರಿಂದ ಹತ್ತರವರೆಗೆ ಆ ಟಿವಿ ಕಾಕುದು. ಅದನ್ನು ಕೇಳುವ ಧೈರ್ಯ ಯಾರಿಗೂ ಇಲ್ಲ.

ಕರೆಂಟಿನ ವಿಷಯಕ್ಕೆ ಇನ್ನೂ ಸ್ವಲ್ಪ ಜಾಗ ಬೇಕು, ಯಾಕೆಂದರೆ ಬೆಂಗಳೂರಿನಲ್ಲಿ ಕುಳಿತು ವಿಡಿಯೊ ಮಾಡುವವರು ಇದನ್ನು ಹೇಳುವುದೇ ಇಲ್ಲ. ಒಳ್ಳೆಯ ಎಸ್‌ಎಂಪಿಎಸ್ ಕರೆಂಟ್ ಹೋದ ಮೇಲೂ ಸುಮಾರು 16–17 ಮಿಲಿಸೆಕೆಂಡ್ ತಡೆದುಕೊಳ್ಳುತ್ತದೆ. ಮನೆಯ ಇನ್ವರ್ಟರ್‌ಗಳಲ್ಲಿ ಹಲವಕ್ಕೆ ಹಿಂದುಗಡೆ ಒಂದು ಚಿಕ್ಕ ಸ್ವಿಚ್ ಇರುತ್ತದೆ, ಒಂದು ಕಡೆ 'ನಾರ್ಮಲ್', ಇನ್ನೊಂದು ಕಡೆ 'ಯುಪಿಎಸ್'. ನಾರ್ಮಲ್‌ನಲ್ಲಿದ್ದರೆ ಬ್ಯಾಟರಿಗೆ ಬದಲಾಗಲು 40 ಮಿಲಿಸೆಕೆಂಡ್‌ವರೆಗೂ ಆಗಬಹುದು. ಫ್ಯಾನು, ಲೈಟಿಗೆ ಅದು ಗೊತ್ತೇ ಆಗುವುದಿಲ್ಲ, ಕಂಪ್ಯೂಟರ್ ಮಾತ್ರ ಧಡಕ್ಕನೆ ಆಫ್. ಯುಪಿಎಸ್ ಕಡೆ ತಿರುಗಿಸಿದರೆ ಸುಮಾರು 10 ಮಿಲಿಸೆಕೆಂಡ್‌ನಲ್ಲಿ ಬದಲಾಗುತ್ತದೆ, ಕಂಪ್ಯೂಟರ್ ನಿಲ್ಲುವುದಿಲ್ಲ. ನಿಮ್ಮ ಮನೆಯಲ್ಲಿ ಇನ್ವರ್ಟರ್ ಇದ್ದರೆ ಯುಪಿಎಸ್ ಕೊಳ್ಳುವ ಮೊದಲು ಆ ಸ್ವಿಚ್ ನೋಡಿ, 2,800 ಉಳಿಯಬಹುದು. ಕಾಕಾನ ಮನೆಯಲ್ಲಿ ಇನ್ವರ್ಟರ್ ಇಲ್ಲ. 600 ವಿಎ ಯುಪಿಎಸ್ ತಂದೆವು, ಹತ್ತು ಹದಿನೈದು ನಿಮಿಷ ನಡೆಯುತ್ತದೆ, ಕೆಲಸ ಸೇವ್ ಮಾಡಿ ಆಫ್ ಮಾಡಲು ಸಾಕು.

ದೊಡ್ಡ ತೊಂದರೆ ಬೇರೆಯೇ ಇತ್ತು: ಆ ಮನೆಗೆ ಸರಿಯಾದ ಅರ್ಥಿಂಗ್ ಇರಲಿಲ್ಲ. ಮೂರು ಪಿನ್ನಿನ ಬೋರ್ಡು ಇತ್ತು, ಮೂರನೇ ತೂತಿಗೆ ವೈರೇ ಇಲ್ಲ. ಹಳೆ ಮನೆಗಳಲ್ಲಿ ಇದು ಸಾಮಾನ್ಯ. ಹೀಗಿದ್ದಾಗ ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತದೆ, ಸ್ಪೈಕ್ ಗಾರ್ಡ್ ಇದ್ದೂ ಅರ್ಧ ಪ್ರಯೋಜನ. ಎಲೆಕ್ಟ್ರಿಷಿಯನ್ ಕರೆಸಿ ಹಿತ್ತಲಲ್ಲಿ ಗುಂಡಿ ತೆಗೆಸಿ, ಇದ್ದಿಲು, ಉಪ್ಪು ಹಾಕಿ, ಪೈಪ್ ಇಳಿಸಿ ಅರ್ಥಿಂಗ್ ಮಾಡಿಸಿದೆವು. ಆ ಖರ್ಚನ್ನು ಕಾಕಾ ಕಂಪ್ಯೂಟರಿನ ಲೆಕ್ಕಕ್ಕೆ ಹಾಕಲಿಲ್ಲ. "ಮನಿ ಕೆಲಸ ಅದು, ಫ್ರಿಜ್ಜಿಗೂ ಆತು" ಅಂದರು.

ಜೋಡಿಸುವ ದಿನ ನಾನು ಬೆಂಗಳೂರಿಗೆ ವಾಪಸ್ಸಾಗಿದ್ದೆ. ಬೇಕೆಂದೇ ಹಾಗೆ ಮಾಡಿದ್ದು. ನಾನಿದ್ದರೆ ಸ್ಕ್ರೂಡ್ರೈವರ್ ನನ್ನ ಕೈಗೇ ಬರುತ್ತಿತ್ತು. ವಿಡಿಯೊ ಕಾಲ್‌ನಲ್ಲಿ ಅವಳು ಊಟದ ಮಣೆಯ ಮೇಲೆ ಮದರ್‌ಬೋರ್ಡ್ ಇಟ್ಟುಕೊಂಡು ಕೂತಳು, ಪ್ರತಿ ಭಾಗ ಮುಟ್ಟುವ ಮೊದಲು ಕಿಟಕಿಯ ಕಬ್ಬಿಣದ ಸರಳು ಮುಟ್ಟುತ್ತಾ. ಮೈಮೇಲಿನ ಸ್ಥಿರ ವಿದ್ಯುತ್ ಇಳಿದುಹೋಗಲಿ ಅಂತ. ಪ್ರೊಸೆಸರಿನ ಮೂಲೆಯ ಬಂಗಾರ ಬಣ್ಣದ ತ್ರಿಕೋನವನ್ನು ಸಾಕೆಟ್ಟಿನ ತ್ರಿಕೋನಕ್ಕೆ ಹೊಂದಿಸಿ ಸುಮ್ಮನೆ ಬಿಡಬೇಕು, ಒತ್ತಬಾರದು. ಅದರ ಅಡಿಯಲ್ಲಿ ಸಾವಿರಕ್ಕೂ ಹೆಚ್ಚು ಪಿನ್ನುಗಳಿವೆ, ಒಂದು ಬಾಗಿದರೂ 8,500 ಹೋಯಿತು. ಆ ಅರ್ಧ ನಿಮಿಷ ಎರಡೂ ಕಡೆ ಯಾರೂ ಮಾತಾಡಲಿಲ್ಲ.

ಎರಡು ಗಂಟೆಯಲ್ಲಿ ಎಲ್ಲ ಮುಗಿದು ಬಟನ್ ಒತ್ತಿದರೆ ಫ್ಯಾನು ತಿರುಗುತ್ತಿದೆ, ಪರದೆ ಕಪ್ಪು. ಹಿಂದಿನಿಂದ ಕಾಕಾನ ದನಿ: "ಹೋತೇನು?" ನಾನು ಮಾನಿಟರ್ ವೈರ್ ನೋಡು ಅಂತ ಹೇಳುತ್ತಿದ್ದೆ. ಅಷ್ಟರಲ್ಲಿ ಅವಳೇ ಕರೆಂಟ್ ತೆಗೆದು, ರ್‍ಯಾಮ್ ಪಟ್ಟಿಗಳ ಮೇಲೆ ಬೆರಳಾಡಿಸಿ, "ಅಣ್ಣಾ, ಇದರಾಗ ಒಂದು ಕಡಿಗೆ ಸ್ವಲ್ಪ ಮ್ಯಾಲ ಐತಿ" ಅಂದಳು. ಒತ್ತಿದಳು. 'ಟಕ್' ಸದ್ದು ಇಲ್ಲಿವರೆಗೆ ಕೇಳಿಸಿತು. ಪರದೆಯ ಮೇಲೆ ಅಕ್ಷರ ಬಂದವು. ಕಾಕು ಅರಿಶಿನ ಕುಂಕುಮದ ಬಟ್ಟಲು ಹಿಡಿದುಕೊಂಡು ಕಾಯುತ್ತಲೇ ಇದ್ದರು. ಪಕ್ಕದ ತಗಡಿನ ಮೇಲೆ ಮಾತ್ರ ಹಚ್ಚಿ, ಫ್ಯಾನಿನ ಹತ್ತಿರ ಬೇಡ ಅಂತ ಫೋನಿನಲ್ಲೇ ಕೂಗಬೇಕಾಯಿತು. ಕಾಯಿ ಹೊಸ್ತಿಲ ಹೊರಗೆ ಒಡೆದರು.

ಊರಿನ ಅಂಗಡಿಯಲ್ಲಿ 300 ಕೊಟ್ಟರೆ ವಿಂಡೋಸ್ ಹಾಕಿಕೊಡುತ್ತೇವೆ ಅಂದಿದ್ದರು. ಕಳ್ಳ ಪ್ರತಿ ಅಂತ ಬೇರೆ ಹೇಳಬೇಕೆ. ಅಂಥದ್ದರ ಜೊತೆ ಏನೇನು ಬರುತ್ತದೆ ಅಂತ ವೃತ್ತಿಯಲ್ಲಿ ನೋಡಿದವನು ನಾನು, ಬೇಡ ಅಂದೆ. ಉಬುಂಟು 24.04 ಹಾಕಿಕೊಂಡಳು. ದುಡ್ಡಿಲ್ಲ, 2029ರವರೆಗೆ ಸುರಕ್ಷತಾ ಅಪ್‌ಡೇಟ್ ಬರುತ್ತದೆ, ಜಾವಾ, ಪೈಥಾನ್, ಸಿ ಎಲ್ಲಕ್ಕೂ ಅದೇ ಅನುಕೂಲ, ಕನ್ನಡ ಟೈಪಿಂಗೂ ಆಗುತ್ತದೆ. ತಮ್ಮನಿಗೆ ಮಾತ್ರ ಸಿಟ್ಟು, ಅವನಿಗೆ ಬೇಕಾದ ಗೇಮು ಅದರಲ್ಲಿ ಓಡುವುದಿಲ್ಲ.

ಒಂದು ವರ್ಷ ದಾಟಿತು. ಏಪ್ರಿಲ್ ಮೇ ತಿಂಗಳ ಬಿಸಿಲಿಗೂ ಯಂತ್ರ ತೊಂದರೆ ಕೊಡಲಿಲ್ಲ. ಧೂಳು ಮಾತ್ರ ನಮ್ಮ ಕಡೆ ವಿಪರೀತ, ಎರಡು ತಿಂಗಳಿಗೊಮ್ಮೆ ಪೇಂಟ್ ಬ್ರಷ್ಷಿನಿಂದ ಫ್ಯಾನಿನ ಜಾಲರಿ ಒರೆಸಬೇಕು. ಅವಳೀಗ ಮೂರನೇ ವರ್ಷ. ಬೆಳಿಗ್ಗೆ ಬಸ್ಸಿಗೆ ಮುಂಚೆ ಒಂದು ಗಂಟೆ, ರಾತ್ರಿ ಎರಡು ಗಂಟೆ ಕೂರುತ್ತಾಳೆ. ಕಾಲೇಜಿನಲ್ಲಿ ಬರೆದದ್ದನ್ನು ಗಿಟ್‌ಹಬ್‌ಗೆ ಹಾಕಿ ಮನೆಯಲ್ಲಿ ಮುಂದುವರಿಸುತ್ತಾಳೆ, ಪೆನ್‌ಡ್ರೈವ್ ಓಡಾಟ ನಿಂತಿದೆ.

ಅದನ್ನು ನೋಡಿ ಅವರ ಓಣಿಯ ಇನ್ನೊಂದು ಮನೆಯವರು ತಮ್ಮ ಮಗನಿಗೂ ಅದೇ ಪಟ್ಟಿ ಕೇಳಿದರು. ಕೊಡಲಾಗಲಿಲ್ಲ. 2025ರ ಕೊನೆಯ ತಿಂಗಳುಗಳಲ್ಲಿ ರ್‍ಯಾಮಿನ ಬೆಲೆ ಏರಿದ್ದು ನೀವೂ ಕೇಳಿರಬಹುದು. ಜಗತ್ತಿನ ಬಹುಪಾಲು ಮೆಮೊರಿ ಚಿಪ್ ಮಾಡುವುದು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರೇ ಕಂಪನಿಗಳು. ಕೃತಕ ಬುದ್ಧಿಮತ್ತೆಯ ಸರ್ವರ್‌ಗಳಿಗೆ ಬೇಕಾದ ಮೆಮೊರಿಯಲ್ಲಿ ಲಾಭ ಹೆಚ್ಚು, ಕಾರ್ಖಾನೆಗಳು ಆ ಕಡೆ ತಿರುಗಿದವು. ಮನೆ ಬಳಕೆಯ ಗ್ರಾಹಕರಿಗೆ ಕ್ರೂಷಿಯಲ್ ಹೆಸರಿನಲ್ಲಿ ಮಾರುತ್ತಿದ್ದ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಮೈಕ್ರಾನ್ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ನಾವು 3,200ಕ್ಕೆ ತಂದಿದ್ದ ಜೋಡಿಗೆ ಸಿಕಂದರಾಬಾದ್‌ನ ಅದೇ ಅಂಗಡಿಯವರು ಫೋನಿನಲ್ಲಿ ಹೇಳಿದ ರೇಟು ಮೂರು ಪಟ್ಟಿನ ಹತ್ತಿರ. ಎಸ್‌ಎಸ್‌ಡಿಯೂ ಏರಿದೆ.

ಆ ಹುಡುಗನಿಗೆ ಬೇರೆ ದಾರಿ ಹೇಳಿದೆ. ದೊಡ್ಡ ಕಚೇರಿಗಳು ನಾಲ್ಕೈದು ವರ್ಷ ಬಳಸಿ ಬಿಟ್ಟ ಡೆಸ್ಕ್‌ಟಾಪ್‌ಗಳು ರಿಫರ್ಬಿಶ್ಡ್ ಅಂತ ಅದೇ ಪೇಟೆಯಲ್ಲಿ ಸಿಗುತ್ತವೆ. ಇಂಟೆಲ್ 8ನೇ ತಲೆಮಾರು ಅಥವಾ ಅದಕ್ಕಿಂತ ಹೊಸದೇ ಇರಬೇಕು, ಅದಕ್ಕಿಂತ ಹಳೆಯದಕ್ಕೆ ವಿಂಡೋಸ್ 11ರ ಅಧಿಕೃತ ಬೆಂಬಲ ಇಲ್ಲ, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಐ5 8500 ಇದ್ದರೆ ಆರು ಕೋರ್ ಸಿಗುತ್ತದೆ. ರ್‍ಯಾಮ್ ಒಳಗೇ ಇರುವುದರಿಂದ ಇವತ್ತಿನ ರೇಟಿನ ಬಿಸಿ ಅಷ್ಟು ತಟ್ಟುವುದಿಲ್ಲ. ಅಂಗಡಿಯಲ್ಲೇ ಅರ್ಧ ಗಂಟೆ ಓಡಿಸಿ, ಡಿಸ್ಕ್ ಎಷ್ಟು ಗಂಟೆ ಓಡಿದೆ ಅಂತ ಸಾಫ್ಟ್‌ವೇರಿನಲ್ಲಿ ತೆಗೆದು ತೋರಿಸಲು ಹೇಳು, ಒಂದು ವರ್ಷದ ವಾರಂಟಿ ಬಿಲ್ಲಿನ ಮೇಲೆ ಬರೆಸು ಅಂದೆ. ಒಂದೇ ಕೊರತೆ, ಇಂಥ ಯಂತ್ರಗಳಲ್ಲಿ ಎಸ್‌ಎಂಪಿಎಸ್ ಎಷ್ಟೋ ಸಲ ಆಯಾ ಕಂಪನಿಯ ಅಳತೆಯದ್ದೇ ಇರುತ್ತದೆ, ಕೆಟ್ಟರೆ ಸಾಮಾನ್ಯದ್ದು ಕೂರುವುದಿಲ್ಲ. ಜೊತೆಗೆ ನನ್ನ ತಂಗಿಯನ್ನು ಕರೆದುಕೊಂಡು ಹೋಗಲು ಹೇಳಿದ್ದೇನೆ, ಚೌಕಾಸಿಗೆ. ಬರುವ ಶನಿವಾರ ಹೊರಡುತ್ತಾರಂತೆ.